ಬೇಸಿಗೆಯಲ್ಲಿ ಕಾಡು-ಕೆರೆ ಕೆಲಸ: ಸಂರಕ್ಷಣಾ ಫೆಲೋಶಿಪ್‌ಗೆ ಬೆಂಗಳೂರಿನಿಂದಲೇ ತಯಾರಾಗುವುದು ಹೇಗೆ?

ಪ್ರತಿ ವರ್ಷ ಮಾರ್ಚ್ ಬಂತೆಂದರೆ ನನ್ನ ಫೋನ್‌ಗೆ ಒಂದೇ ಥರದ ಮೆಸೇಜ್‌ಗಳು ಬರುತ್ತವೆ. "ಅಕ್ಕಾ, ಈ ಬೇಸಿಗೆಯಲ್ಲಿ ವನ್ಯಜೀವಿ ಕೆಲಸಕ್ಕೆ ಸೇರಬೇಕು. ಎಲ್ಲಿ ಅರ್ಜಿ ಹಾಕಲಿ?" ಬಿಎಸ್ಸಿ ಎರಡನೇ ವರ್ಷದವರು, ಆಗಷ್ಟೇ ಬಿಕಾಂ ಮುಗಿಸಿದವರು, ಎಂಜಿನಿಯರಿಂಗ್ ಓದುತ್ತಾ ಮನಸ್ಸು ಕಾಡಿನ ಕಡೆ ತಿರುಗಿದವರು, ಎಲ್ಲರೂ ಕೇಳುತ್ತಾರೆ. ಅವರಿಗೆ ನಾನು ಹೇಳಬೇಕಾದ ಮೊದಲ ಮಾತು ಸ್ವಲ್ಪ ಬೇಸರದ್ದೇ. ಒಳ್ಳೆಯ ಫೆಲೋಶಿಪ್‌ಗಳ ಪಾಲಿಗೆ ಮಾರ್ಚ್ ಅಂದರೆ ತಡ. ಆದರೆ ಮುಂದಿನ ಬೇಸಿಗೆಗೆ ಇವತ್ತೇ ಶುರು ಮಾಡಿದರೆ ಧಾರಾಳ ಸಮಯ ಇದೆ.

ಫೆಲೋಶಿಪ್ ಅಂದರೆ ಇಷ್ಟೇ: ಆರರಿಂದ ಹತ್ತು ವಾರ, ಒಬ್ಬ ಮಾರ್ಗದರ್ಶಕರು, ಒಂದು ಪ್ರಶ್ನೆ, ಕೈಖರ್ಚಿಗೆ ಒಂದಿಷ್ಟು ಸ್ಟೈಪೆಂಡ್, ಕೊನೆಗೊಂದು ವರದಿ. ಪ್ರವಾಸ ಅಲ್ಲ, ಸಫಾರಿಯೂ ಅಲ್ಲ. ಹುಲಿ ನೋಡುವ ಆಸೆಯಿಂದ ಬಂದವರು ಎರಡು ತಿಂಗಳು ಲದ್ದಿ ಎಣಿಸಿ, ಮರದ ಸುತ್ತಳತೆ ತೆಗೆದು, ಹುಲಿ ಕಾಣದೆಯೇ ವಾಪಸ್ ಬಂದಿದ್ದಾರೆ. ಅದರಲ್ಲೇ ಖುಷಿ ಪಟ್ಟವರು ಈ ಕ್ಷೇತ್ರದಲ್ಲಿ ಉಳಿದಿದ್ದಾರೆ.

ಮೊದಲು ಒಂದು ನೋಟ್‌ಬುಕ್

ಅರ್ಜಿಗಿಂತ ಮೊದಲು ನೋಟ್‌ಬುಕ್ ಶುರುವಾಗಬೇಕು. ಅವೆನ್ಯೂ ರಸ್ತೆಯಲ್ಲಿ ಸಿಗುವ, ಗಟ್ಟಿ ರಟ್ಟಿನ, ಜೇಬಿಗೆ ಹಿಡಿಸುವ ಪುಸ್ತಕ ಸಾಕು. ಮನೆಗೆ ಅಥವಾ ಕಾಲೇಜಿಗೆ ಹತ್ತಿರದ ಒಂದೇ ಒಂದು ಜಾಗ ಆರಿಸಿಕೊಳ್ಳಿ. ಜಕ್ಕೂರು ಕೆರೆ, ಕೈಕೊಂಡ್ರಹಳ್ಳಿ ಕೆರೆ, ಲಾಲ್‌ಬಾಗ್, ತುರಹಳ್ಳಿ ಕಾಡು, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣ, ನಿಮ್ಮ ಬೀದಿಯ ಹೊಂಗೆ ಸಾಲು, ಯಾವುದಾದರೂ ಸರಿ. ವಾರಕ್ಕೆ ಎರಡು ಸಲ, ಒಂದೇ ಹೊತ್ತಿಗೆ, ಒಂದೇ ದಾರಿಯಲ್ಲಿ ನಡೆಯಿರಿ. ದಿನಾಂಕ, ಸಮಯ, ಬಿಸಿಲೋ ಮೋಡವೋ, ಏನು ಕಂಡಿತು, ಎಷ್ಟು ಕಂಡಿತು, ಏನು ಮಾಡುತ್ತಿತ್ತು, ಇಷ್ಟು ಬರೆಯಿರಿ. ಏನೂ ಕಾಣದಿದ್ದರೆ "ಏನೂ ಕಾಣಲಿಲ್ಲ" ಅಂತಲೂ ಬರೆಯಿರಿ. ಅದೂ ಮಾಹಿತಿಯೇ.

ನನ್ನ ಮೊದಲ ನೋಟ್‌ಬುಕ್ ಯಲಹಂಕ ಕಡೆಯ ಒಂದು ಕೆರೆಯದ್ದು. ಅದರ ಒಂದು ಪುಟದಲ್ಲಿ ಹೀಗಿದೆ:

"ಬೆಳಿಗ್ಗೆ 6:40. ಕೋಡಿ ಹತ್ತಿರ. ಗುಳುಮುಳುಕ ಒಂದು, ಜೊಂಡಿನ ಅಂಚಿನಲ್ಲಿ ತೇಲುವ ಗೂಡಿನ ಮೇಲೆ. ಏರಿಯಿಂದ ನಾಯಿ ಇಳಿಯಿತು. ಹಕ್ಕಿ ಕೊಕ್ಕಿನಿಂದ ಕಳೆ ಎಳೆದೆಳೆದು ಮೊಟ್ಟೆ ಮೇಲೆ ಹಾಕಿತು. ನಾಲ್ಕೈದು ಸಲ. ಆಮೇಲೆ ಮುಳುಗಿತು. 7:05ಕ್ಕೆ ವಾಪಸ್. ಕಳೆ ಸರಿಸಿ ಕೂತಿತು."

ಗುಳುಮುಳುಕ ಪಾರಿವಾಳಕ್ಕಿಂತ ಚಿಕ್ಕ ನೀರುಹಕ್ಕಿ. ನೋಡನೋಡುತ್ತಲೇ ಗುಳುಂ ಅಂತ ಮುಳುಗಿ ಬೇರೆಲ್ಲೋ ಏಳುತ್ತದೆ. ಗೂಡು ಬಿಟ್ಟು ಹೋಗುವಾಗ ಮೊಟ್ಟೆ ಮುಚ್ಚಿಟ್ಟು ಹೋಗುತ್ತದೆ ಅನ್ನುವುದು ಪಕ್ಷಿತಜ್ಞರಿಗೆ ಗೊತ್ತಿರುವ ಸಂಗತಿಯೇ. ಆದರೆ ನನಗೆ ಆ ದಿನ ಅದನ್ನು ಯಾರೂ ಹೇಳಿರಲಿಲ್ಲ, ನಾನೇ ನೋಡಿದ್ದೆ.

ಎರಡು ವಾರದ ಮೇಲೆ ಕೆರೆಗೆ ಕಳೆ ತೆಗೆಯುವವರು ಬಂದರು. ಒಂದೇ ದಿನದಲ್ಲಿ ಕೋಡಿ ಮೂಲೆಯ ಜೊಂಡೆಲ್ಲ ಹೋಯಿತು. ಗೂಡೂ ಹೋಯಿತು. ಕೆರೆ ಸ್ವಚ್ಛವಾಯಿತು ಅಂತ ವಾಕಿಂಗ್ ಬಂದವರಿಗೆಲ್ಲ ಖುಷಿ. ಕಳೆ ತೆಗೆದವರದ್ದೂ ತಪ್ಪಿಲ್ಲ. ಅಲ್ಲಿ ಗೂಡಿದೆ ಅಂತ ಅವರಿಗೆ ಹೇಳಿದವರು ಯಾರೂ ಇರಲಿಲ್ಲ. ಅದು ನನ್ನ ನೋಟ್‌ಬುಕ್‌ನಲ್ಲಿ ಮಾತ್ರ ಇತ್ತು. ನನ್ನ ಫೆಲೋಶಿಪ್‌ನ ಪ್ರಶ್ನೆ ಹುಟ್ಟಿದ್ದು ಆ ಪುಟದಿಂದಲೇ.

ಮೂರು ತಿಂಗಳು ಹೀಗೆ ಬರೆದರೆ ನಿಮ್ಮ ಹತ್ತಿರ ಇಪ್ಪತ್ತೈದು ದಿನಗಳ ದಾಖಲೆ ಇರುತ್ತದೆ. ಜೊತೆಗೆ ಅದನ್ನು, ಕಂಡ ಜೀವಿಗಳನ್ನು ಯಾರು ಬೇಕಾದರೂ ದಾಖಲಿಸಬಹುದಾದ ಜಾಲತಾಣಗಳಾದ ಇ-ಬರ್ಡ್‌ಗೋ ಐ-ನ್ಯಾಚುರಲಿಸ್ಟ್‌ಗೋ ಹಾಕಿ. ಗಿಡಮರಗಳ ಚಿಗುರು-ಹೂವು-ಕಾಯಿ ಬಗ್ಗೆ ಆಸಕ್ತಿ ಇದ್ದರೆ ಸೀಸನ್‌ವಾಚ್ ಇದೆ. ಅಲ್ಲಿ ಒಂದು ಮರ ಆರಿಸಿಕೊಂಡು ವಾರಕ್ಕೊಮ್ಮೆ ಅದರ ಸ್ಥಿತಿ ದಾಖಲಿಸಬೇಕು. ಫೆಬ್ರವರಿಯಲ್ಲಿ ಕಾಲೇಜು ಆವರಣಗಳ ಹಕ್ಕಿ ಎಣಿಕೆ ನಡೆಯುತ್ತದೆ, ನಿಮ್ಮ ಕಾಲೇಜನ್ನೂ ಸೇರಿಸಿ. ಒಬ್ಬರೇ ಹೋಗಲು ಸಂಕೋಚ ಆದರೆ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಲಾಲ್‌ಬಾಗ್ ಗಾಜಿನ ಮನೆ ಹತ್ತಿರ ಹೋಗಿ ನೋಡಿ. ಅಲ್ಲಿ ಹಕ್ಕಿ ನೋಡುವವರು ಸೇರುವುದು ಎಷ್ಟೋ ವರ್ಷಗಳ ರೂಢಿ. ಹೊಸಬರ ಕೈಗೆ ತಮ್ಮ ಬೈನಾಕ್ಯುಲರ್ ಕೊಟ್ಟು ತೋರಿಸುವ ಹಿರಿಯರು ಸಿಗುತ್ತಾರೆ.

ಎಲ್ಲಿಗೆ, ಯಾವಾಗ

ಈ ವಿಷಯದಲ್ಲಿ ಬೆಂಗಳೂರಿನವರು ಅದೃಷ್ಟವಂತರು. ದೇಶದಲ್ಲಿ ಪರಿಸರ, ವನ್ಯಜೀವಿ ಅಧ್ಯಯನ ಮಾಡುವ ಇಷ್ಟೊಂದು ಸಂಸ್ಥೆಗಳು ಒಂದೇ ಊರಲ್ಲಿ ಸಿಗುವುದು ಕಷ್ಟ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1983ರಲ್ಲಿ ಶುರುವಾದ ಪರಿಸರ ವಿಜ್ಞಾನ ಕೇಂದ್ರ ಇದೆ. ಜಿಕೆವಿಕೆ ಆವರಣದಲ್ಲಿ ಜೀವವಿಜ್ಞಾನ ಸಂಶೋಧನಾ ಕೇಂದ್ರ ಎನ್‌ಸಿಬಿಎಸ್ ಇದೆ, ಅಲ್ಲಿ ವನ್ಯಜೀವಿ ವಿಜ್ಞಾನದಲ್ಲಿ ಎಂಎಸ್ಸಿಯೂ ಇದೆ. ಜಕ್ಕೂರು ಕಡೆ 1996ರಲ್ಲಿ ಹುಟ್ಟಿದ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀ. ಅಲ್ಲೇ ಸಮೀಪದಲ್ಲಿ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರ. ಹುಲಿ ಎಣಿಕೆಯ ವಿಧಾನಗಳಿಗೆ ಹೆಸರಾದ ಉಲ್ಲಾಸ್ ಕಾರಂತರು ಕಟ್ಟಿದ ಸೆಂಟರ್ ಫಾರ್ ವೈಲ್ಡ್‌ಲೈಫ್ ಸ್ಟಡೀಸ್ ಇದೇ ಊರಿನದು. ಕಡಲತೀರ, ಮೀನುಗಾರಿಕೆ, ಕಡಲಾಮೆ ಬಗ್ಗೆ ಕೆಲಸ ಮಾಡುವ ದಕ್ಷಿಣ್ ಫೌಂಡೇಶನ್ ಕೂಡ ಇಲ್ಲೇ ಇದೆ. ಮೈಸೂರಿಗೆ ಹೋದರೆ ನೇಚರ್ ಕನ್ಸರ್ವೇಶನ್ ಫೌಂಡೇಶನ್.

ಇವುಗಳಲ್ಲಿ ಕೆಲವು ಕಡೆ ಪ್ರತಿ ವರ್ಷ ಪ್ರಕಟಣೆ ಹೊರಡಿಸಿ ಕರೆಯುತ್ತಾರೆ. ಕೆಲವು ಕಡೆ ಯೋಜನೆ ಇದ್ದಾಗ ಮಾತ್ರ ಜನ ಬೇಕಾಗುತ್ತಾರೆ. ಮೊದಲ ಬಗೆಯಲ್ಲಿ ವಿದ್ಯಾರ್ಥಿಗಳಿಗೆ ಹೆಚ್ಚು ಗೊತ್ತಿರುವುದು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಸಂಶೋಧನಾ ಫೆಲೋಶಿಪ್. ಅವುಗಳಲ್ಲೊಂದು ನಮ್ಮ ಸದಾಶಿವನಗರದಲ್ಲೇ ಇದೆ, ಸಿ.ವಿ. ರಾಮನ್ 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿ. ಎರಡು ತಿಂಗಳ ಫೆಲೋಶಿಪ್ ಅದು. ಅರ್ಜಿ ಸಾಮಾನ್ಯವಾಗಿ ಹಿಂದಿನ ವರ್ಷದ ಅಕ್ಟೋಬರ್-ನವೆಂಬರ್ ಹೊತ್ತಿಗೇ ತೆರೆಯುತ್ತದೆ. ದೀಪಾವಳಿ ಪಟಾಕಿ ಸದ್ದು ಕೇಳುವಾಗ ಮುಂದಿನ ಬೇಸಿಗೆಯ ಅರ್ಜಿ ನೆನಪಾಗಬೇಕು ಅಂತ ನಾನು ಹೇಳುವುದು ಅದಕ್ಕೇ. ಆಯಾ ವರ್ಷದ ಪ್ರಕಟಣೆಯಲ್ಲಿ ತಾರೀಖು, ಅರ್ಹತೆ ಎರಡನ್ನೂ ಸರಿಯಾಗಿ ಓದಿಕೊಳ್ಳಿ.

ಎರಡನೇ ಬಗೆಗೆ ದಾರಿ ಬೇರೆ. ಸಂಸ್ಥೆಯಲ್ಲಿ ಯಾರು ಯಾವ ಕೆಲಸ ಮಾಡುತ್ತಿದ್ದಾರೆ ಅಂತ ಓದಿ, ನಿಮ್ಮ ಆಸಕ್ತಿಗೆ ಹೊಂದುವ ಒಬ್ಬರಿಗೆ ನೇರವಾಗಿ ಚಿಕ್ಕದೊಂದು ಇಮೇಲ್ ಬರೆಯುವುದು. ಒಂದೇ ಇಮೇಲನ್ನು ಐವತ್ತು ಜನಕ್ಕೆ ಕಳಿಸಬೇಡಿ. ಓದಿದ ತಕ್ಷಣ ಗೊತ್ತಾಗಿಬಿಡುತ್ತದೆ. ಐದು ಜನಕ್ಕೆ ಐದು ಬೇರೆ ಇಮೇಲ್ ಬರೆದರೆ ಒಬ್ಬರಾದರೂ ಉತ್ತರ ಕೊಡುತ್ತಾರೆ. ಜನರನ್ನು ಮುಖಾಮುಖಿ ನೋಡಬೇಕು ಅಂದರೆ ಸಂರಕ್ಷಣಾ ವಿಜ್ಞಾನದ ವಿದ್ಯಾರ್ಥಿ ಸಮ್ಮೇಳನ ಇದೆ. 2010ರಿಂದ ಬೆಂಗಳೂರಿನಲ್ಲಿ ನಡೆದುಕೊಂಡು ಬಂದಿದೆ. ನಿಮಗಿಂತ ಎರಡು ವರ್ಷ ದೊಡ್ಡವರು ತಮ್ಮ ಕೆಲಸದ ಪೋಸ್ಟರ್ ಪಕ್ಕ ನಿಂತಿರುತ್ತಾರೆ. "ನೀವು ಹೇಗೆ ಶುರು ಮಾಡಿದಿರಿ?" ಅಂತ ಅವರನ್ನು ಕೇಳುವುದಕ್ಕಿಂತ ಒಳ್ಳೆಯ ಮಾಹಿತಿ ಇನ್ನೊಂದಿಲ್ಲ.

ಇನ್ನೊಂದು ತೊಡಕು ನಮ್ಮ ಕಾಲೇಜುಗಳದ್ದು. ಹಲವು ಕಡೆ ಸೆಮಿಸ್ಟರ್ ಪರೀಕ್ಷೆ ಜೂನ್-ಜುಲೈಗೆ ಹೋಗುತ್ತದೆ. ಆದರೆ ಫೆಲೋಶಿಪ್ ಮೇ ತಿಂಗಳಲ್ಲಿ ಶುರುವಾಗಬಹುದು. ಪರೀಕ್ಷಾ ವೇಳಾಪಟ್ಟಿ ಏನೆಂದು ಅರ್ಜಿ ಹಾಕುವಾಗಲೇ ಮಾರ್ಗದರ್ಶಕರಿಗೆ ಹೇಳಿಬಿಡಿ. ಮಧ್ಯದಲ್ಲಿ ಹತ್ತು ದಿನ ಬಿಡುವು ಕೊಡುವವರು ಇದ್ದಾರೆ, ಆದರೆ ಮೊದಲೇ ಹೇಳದೆ ನಡುವೆ ಎದ್ದು ಬಂದರೆ ಮುಂದೆ ಬರುವ ವಿದ್ಯಾರ್ಥಿಗಳಿಗೂ ಬಾಗಿಲು ಮುಚ್ಚುತ್ತದೆ.

ಹಣ ಕೇಳುವವರ ಬಗ್ಗೆ ಎಚ್ಚರ ಇರಲಿ. ನನ್ನ ಗೆಳತಿಯೊಬ್ಬಳು "ವನ್ಯಜೀವಿ ಇಂಟರ್ನ್‌ಶಿಪ್" ಅಂತ ಒಂದು ಕಡೆ ದೊಡ್ಡ ಮೊತ್ತ ಕಟ್ಟಿ ಹೋದಳು. ಅಲ್ಲಿ ಎರಡು ವಾರ ಅತಿಥಿಗಳ ಜೀಪ್‌ನಲ್ಲಿ ಜಾಗ ಉಳಿದರೆ ಕೂರಿಸಿಕೊಳ್ಳುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಬರುವಾಗ ಬಣ್ಣದ ಸರ್ಟಿಫಿಕೇಟ್ ಕೊಟ್ಟರು. ಅವಳು ಕಲಿತದ್ದು ಏನೂ ಇರಲಿಲ್ಲ. ತರಬೇತಿ ಶಿಬಿರಕ್ಕೆ ಶುಲ್ಕ ಇರುವುದು ಬೇರೆ ಮಾತು. ಕೆಲಸ ಮಾಡಿಸಿಕೊಂಡು ನಿಮ್ಮಿಂದಲೇ ಹಣ ತೆಗೆದುಕೊಳ್ಳುವುದಾದರೆ ಹತ್ತು ಸಲ ಯೋಚಿಸಿ. ಮಾರ್ಗದರ್ಶಕರು ಯಾರು, ಅವರು ಪ್ರಕಟಿಸಿದ ಕೆಲಸ ಏನು, ಊಟ-ವಸತಿ-ಪ್ರಯಾಣ ಯಾರ ಖರ್ಚು, ವಿಮೆ ಇದೆಯಾ ಅಂತ ಕೇಳಿ. ಸರಿಯಾದ ಕಡೆಯಾದರೆ ಇದಕ್ಕೆಲ್ಲ ನೇರ ಉತ್ತರ ಬರುತ್ತದೆ.

ಎಂಟು ವಾರಕ್ಕೆ ಹಿಡಿಸುವ ಪ್ರಶ್ನೆ

ಅರ್ಜಿಗಳಲ್ಲಿ ನಾನು ಜಾಸ್ತಿ ನೋಡಿದ ತಪ್ಪು ಇದೇ. "ಪಶ್ಚಿಮ ಘಟ್ಟಗಳ ಜೀವವೈವಿಧ್ಯದ ಮೇಲೆ ಹವಾಮಾನ ಬದಲಾವಣೆಯ ಪರಿಣಾಮ" ಅಂತ ಬರೆಯುತ್ತಾರೆ. ಅದು ಮೂವತ್ತು ವರ್ಷದ ಕೆಲಸ. ಎಂಟು ವಾರ ಅಂದರೆ ಸುಮಾರು ಐವತ್ತಾರು ದಿನ. ಅದರಲ್ಲಿ ಮೊದಲ ವಾರ ಕಲಿಯಲು, ಕೊನೆಯ ಎರಡು ವಾರ ವರದಿ ಬರೆಯಲು ಬೇಕು. ಒಂದೆರಡು ಸಲ ಜ್ವರ, ಒಂದೆರಡು ದಿನ ಬಂದ್, ನಾಲ್ಕೈದು ದಿನ ಮಳೆ. ಉಳಿಯುವುದು ಇಪ್ಪತ್ತೈದರಿಂದ ಮೂವತ್ತು ದಿನ. ಅಷ್ಟು ದಿನದಲ್ಲಿ ಉತ್ತರ ಸಿಗುವ ಪ್ರಶ್ನೆ ಕೇಳಿ.

ನನ್ನದನ್ನೇ ಹೇಳುತ್ತೇನೆ. ಮೊದಲು ನಾನು ಬರೆದದ್ದು "ಬೆಂಗಳೂರಿನ ಕೆರೆಗಳ ಹಕ್ಕಿಗಳ ಸಂರಕ್ಷಣೆ". ನನ್ನ ಮಾರ್ಗದರ್ಶಕಿ ಅದನ್ನು ಓದಿ, "ಯಾವ ಕೆರೆ? ಯಾವ ಹಕ್ಕಿ? ಏನನ್ನು ಎಣಿಸುತ್ತೀಯ?" ಅಂತ ಮೂರೇ ಪ್ರಶ್ನೆ ಕೇಳಿದರು. ವಾರ ಕಳೆದ ಮೇಲೆ ಅದು ಹೀಗಾಯಿತು: ಕಳೆ ತೆಗೆದ ಅಂಚಿನಲ್ಲೂ ಕಳೆ ಬಿಟ್ಟ ಅಂಚಿನಲ್ಲೂ ಗುಳುಮುಳುಕ ಮತ್ತು ನಾಮಕೋಳಿಯ ಗೂಡುಗಳು ಎಷ್ಟಿವೆ? ಎರಡು ಕೆರೆ, ಪ್ರತಿ ಕೆರೆಯ ಅಂಚನ್ನು ನೂರು ಮೀಟರ್ ತುಂಡುಗಳಾಗಿ ಮಾಡಿಕೊಂಡು, ವಾರಕ್ಕೆ ಎರಡು ಸಲ, ಏರಿಯ ಮೇಲಿಂದ, ಗೂಡಿನ ಹತ್ತಿರ ಹೋಗದೆ ಎಣಿಸುವುದು. ಇದನ್ನು ಯಾರು ಓದಿದರೂ ನಾನು ಸೋಮವಾರ ಬೆಳಿಗ್ಗೆ ಎದ್ದು ಏನು ಮಾಡುತ್ತೇನೆ ಅಂತ ಗೊತ್ತಾಗುತ್ತದೆ. ಪ್ರಶ್ನೆ ಸರಿಯಿದೆಯಾ ಅಂತ ತಿಳಿಯಲು ಅದೇ ಪರೀಕ್ಷೆ.

ಊರೊಳಗೇ ಇಂಥ ಪ್ರಶ್ನೆಗಳು ಬೇಕಾದಷ್ಟಿವೆ. ಮೊದಲ ಮಳೆಯ ನಂತರ ಕೆರೆ ಪಕ್ಕದ ಒಂದು ಕಿಲೋಮೀಟರ್ ರಸ್ತೆಯಲ್ಲಿ ವಾಹನಕ್ಕೆ ಸಿಕ್ಕಿ ಸತ್ತ ಕಪ್ಪೆಗಳೆಷ್ಟು? ಬೀದಿದೀಪ ಇರುವ ಸಾಲಿನಲ್ಲೂ ಇಲ್ಲದ ಸಾಲಿನಲ್ಲೂ ಬಾವಲಿಗಳ ಓಡಾಟ ಹೇಗಿದೆ? ಒಂದು ಬಡಾವಣೆಯ ಹಳೇ ಮರಗಳಲ್ಲಿ ಪೊಟರೆ ಇರುವವು ಎಷ್ಟು, ಅದರಲ್ಲಿ ಗಿಳಿ, ಗೂಬೆ ಇರುವುದು ಎಷ್ಟರಲ್ಲಿ? ಹೆಸರಘಟ್ಟದ ಹುಲ್ಲುಗಾವಲು ಎಷ್ಟೋ ವರ್ಷ "ಖಾಲಿ ಜಾಗ" ಅನ್ನಿಸಿಕೊಂಡಿತ್ತು. ಅದು ಸಂರಕ್ಷಣಾ ಮೀಸಲು ಪ್ರದೇಶವಾಗುವುದಕ್ಕೆ ಹಕ್ಕಿ ನೋಡುವವರ ವರ್ಷಗಟ್ಟಲೆಯ ಪಟ್ಟಿಗಳೂ ಬೆನ್ನಿಗೆ ನಿಂತವು. ಜಿಕೆವಿಕೆಯಂಥ ಮರ ತುಂಬಿದ ಆವರಣಗಳಲ್ಲಿ ಕಾಡುಪಾಪ (ಸ್ಲೆಂಡರ್ ಲೋರಿಸ್) ಇನ್ನೂ ಬದುಕಿದೆ. ಅದನ್ನು ಹುಡುಕುವವರು ರಾತ್ರಿ ಟಾರ್ಚ್‌ಗೆ ಕೆಂಪು ಹಾಳೆ ಕಟ್ಟಿಕೊಂಡು, ಕೊಂಬೆಯಿಂದ ಕೊಂಬೆಗೆ ಬೆಳಕು ಹಾಯಿಸುತ್ತಾ, ಹೊಳೆಯುವ ಎರಡು ಕಣ್ಣಿಗಾಗಿ ಕಾಯುತ್ತಾರೆ. ಬಿಳಿ ಬೆಳಕು ಆ ಪ್ರಾಣಿಯ ದೊಡ್ಡ ಕಣ್ಣಿಗೆ ಹಿಂಸೆ.

ವಿಜ್ಞಾನ ಓದಿಲ್ಲ ಅಂತ ಹಿಂಜರಿಯಬೇಡಿ. ಆನೆ ತುಳಿದ ಬೆಳೆಗೆ ಪರಿಹಾರದ ಅರ್ಜಿ ಎಲ್ಲಿ ನಿಲ್ಲುತ್ತದೆ ಅಂತ ನೋಡಲು ಬಿಕಾಂ ಓದಿದವರೂ ಬೇಕು, ಕಾನೂನು ಓದಿದವರೂ ಬೇಕು. ಬಂಡೀಪುರ, ನಾಗರಹೊಳೆ ಸುತ್ತ 2015ರಿಂದ ನಡೆಯುತ್ತಿರುವ ವೈಲ್ಡ್ ಸೇವೆ ಎಂಬ ಯೋಜನೆ ಮಾಡುತ್ತಿರುವುದು ಇದನ್ನೇ, ರೈತರು ಪರಿಹಾರಕ್ಕೆ ಅರ್ಜಿ ಹಾಕಲು ನೆರವಾಗುವುದು. ನಕ್ಷೆ ಮಾಡಲು ಬಂದರೆ, ಕ್ಯೂಜಿಐಎಸ್ ಒಂದು ತಿಂಗಳು ಕೂತು ಕಲಿತಿದ್ದರೆ, ನಿಮ್ಮನ್ನು ಬೇಡ ಅನ್ನುವವರು ಕಡಿಮೆ. ಅದು ಉಚಿತ ತಂತ್ರಾಂಶ.

ಅರ್ಜಿ ಬರೆಯುವುದು

ಮೊದಲು ಕನ್ನಡದಲ್ಲಿ ಬರೆಯಿರಿ. ಹೆಚ್ಚಿನ ಅರ್ಜಿಗಳು ಇಂಗ್ಲಿಷ್ ಕೇಳುತ್ತವೆ, ನಿಜ. ಆದರೆ ಯೋಚನೆ ಕನ್ನಡದಲ್ಲಿ ಬರುವಾಗ ನೇರ ಇಂಗ್ಲಿಷ್‌ಗೆ ಕೂತರೆ ಎಲ್ಲರೂ ಬರೆಯುವ ಅದೇ ನಾಲ್ಕು ವಾಕ್ಯ ಬರುತ್ತವೆ. "ನನಗೆ ಚಿಕ್ಕಂದಿನಿಂದಲೂ ಪ್ರಕೃತಿ ಎಂದರೆ ಪ್ರಾಣ" ಅನ್ನುವ ಸಾಲು ಆಯ್ಕೆ ಮಾಡುವವರ ಮುಂದೆ ನೂರು ಸಲ ಬಂದಿರುತ್ತದೆ. ಅದು ಸುಳ್ಳಲ್ಲ, ಆದರೆ ಅದರಿಂದ ನಿಮ್ಮ ಬಗ್ಗೆ ಏನೂ ತಿಳಿಯುವುದಿಲ್ಲ. ಅದರ ಬದಲು ಹೀಗೆ ಶುರು ಮಾಡಿ ನೋಡಿ: "ಕಳೆದ ಅಕ್ಟೋಬರ್‌ನಿಂದ ವಾರಕ್ಕೆ ಎರಡು ದಿನ ನಮ್ಮ ಮನೆ ಹತ್ತಿರದ ಕೆರೆ ಸುತ್ತುತ್ತಿದ್ದೇನೆ. ಇಲ್ಲಿಯವರೆಗೆ 31 ಸಲ. ಕಳೆ ತೆಗೆದ ಮೂಲೆಯಲ್ಲಿ ಗುಳುಮುಳುಕದ ಗೂಡು ಮತ್ತೆ ಕಾಣಲಿಲ್ಲ. ಇದು ಆ ಒಂದು ಮೂಲೆಯ ಕಥೆಯೋ, ಎಲ್ಲ ಕಡೆಯದ್ದೋ ತಿಳಿಯಬೇಕು." ಪ್ರೀತಿ ಇದೆ ಅಂತ ಬೇರೆ ಹೇಳಬೇಕಾಗಿಯೇ ಇಲ್ಲ, ಅಲ್ವಾ? 31 ಸಲ ಹೋದದ್ದೇ ಹೇಳುತ್ತದೆ.

ನೋಟ್‌ಬುಕ್‌ನ ಎರಡು ಪುಟದ ಫೋಟೋ ಲಗತ್ತಿಸಲು ಅವಕಾಶ ಇದ್ದರೆ ಲಗತ್ತಿಸಿ. ಬಯೋಡೇಟಾ ಒಂದೇ ಪುಟ ಇರಲಿ. ಭಾಷೆಗಳ ಜಾಗದಲ್ಲಿ ಕನ್ನಡವನ್ನು ಕೊನೆಗೆ ತಳ್ಳಬೇಡಿ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಕನ್ನಡ ಮಾಧ್ಯಮದಲ್ಲಿ ಓದಿದ ಎಷ್ಟೋ ಹುಡುಗ-ಹುಡುಗಿಯರು ಇಂಗ್ಲಿಷ್ ಹೆದರಿಕೆಯಿಂದಲೇ ಅರ್ಜಿ ಹಾಕುವುದಿಲ್ಲ.

ಕರ್ನಾಟಕದ ಕಾಡಿನ ಕೆಲಸ ನಡೆಯುವುದು ಕನ್ನಡದಲ್ಲಿ. ವಾಚರ್, ಗಾರ್ಡ್, ಕಳ್ಳಬೇಟೆ ತಡೆ ಶಿಬಿರದ ಅಣ್ಣಂದಿರು, ಕಾಡಂಚಿನ ರೈತರು, ಕೆರೆಯ ಕಾವಲುಗಾರರು, ಇವರ ಬಾಯಲ್ಲಿರುವ ವಿಷಯ ಯಾವ ಪ್ರಬಂಧದಲ್ಲೂ ಇರುವುದಿಲ್ಲ. "ಸಲಗ ಮೂರು ದಿನದಿಂದ ಹಳ್ಳ ದಾಟಿಲ್ಲ" ಅಂತ ವಾಚರ್ ಹೇಳಿದರೆ ಒಂಟಿ ಗಂಡಾನೆ ಆ ಕಡೆ ಇದೆ, ಇವತ್ತು ಆ ದಾರಿ ಬೇಡ ಅಂತ ಅರ್ಥ. ಅದು ತಕ್ಷಣ ಅರ್ಥವಾಗುವವರಿಗೆ ಕೆಲಸವೂ ಸುಲಭ, ಜೀವಕ್ಕೂ ಕ್ಷೇಮ. ಒಂದೇ ಕನ್ನಡದೊಳಗೂ ಎಷ್ಟೊಂದು ವ್ಯತ್ಯಾಸ ಇದೆ ನೋಡಿ. "ಕಿರುಬ ಬಂದಿತ್ತು" ಅಂದರೆ ಒಂದು ಊರಿನಲ್ಲಿ ಕತ್ತೆಕಿರುಬ, ಇನ್ನೊಂದು ಊರಿನಲ್ಲಿ ಚಿರತೆ. ಮೈಮೇಲೆ ಚುಕ್ಕೆ ಇತ್ತಾ ಪಟ್ಟೆ ಇತ್ತಾ ಅಂತ ಮರುಪ್ರಶ್ನೆ ಕೇಳಲು ಆ ಭಾಷೆಯ ಮಗುವೇ ಆಗಿರಬೇಕು. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಪ್ರದೇಶವೊಂದರಲ್ಲಿ ಆ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಅಲ್ಲಿನ ಹಿರಿಯರು ಹಿಂದಿನ ಕಾಲದಲ್ಲಿ ಒಣ ಎಲೆಗೆ ಹಚ್ಚುತ್ತಿದ್ದ ತರಗು ಬೆಂಕಿಯ ಬಗ್ಗೆ, ಅದು ನಿಂತ ಮೇಲೆ ಲಂಟಾನ ಕಳೆ ಹೇಗೆ ಹಬ್ಬಿತು ಅನ್ನುವ ಬಗ್ಗೆ ಹೇಳುವುದನ್ನು ಅನುವಾದಕರಿಲ್ಲದೆ ಕೂತು ಕೇಳಬಲ್ಲ ವಿದ್ಯಾರ್ಥಿ ನೀವೇ. ಅರ್ಜಿಯಲ್ಲಿ ಇದನ್ನು ಎದೆ ತಟ್ಟಿ ಬರೆಯಿರಿ.

ಶಿಫಾರಸು ಪತ್ರಕ್ಕೆ ಕಡೇ ದಿನಕ್ಕೆ ಮೂರು ವಾರ ಮೊದಲೇ ಮೇಷ್ಟ್ರನ್ನೋ ಮೇಡಂ ಅವರನ್ನೋ ಕೇಳಿ. ಹುದ್ದೆ ದೊಡ್ಡದಿರುವವರಿಗಿಂತ ನಿಮ್ಮನ್ನು ಬಲ್ಲವರೇ ಮೇಲು. ಹೋಗುವಾಗ ಒಂದು ಪುಟದಲ್ಲಿ ನಿಮ್ಮ ಕೆಲಸದ ವಿವರ ಬರೆದುಕೊಂಡು ಹೋಗಿ, ನೋಟ್‌ಬುಕ್ಕನ್ನೂ ತೋರಿಸಿ. ಆಗ ಅವರಿಗೂ ಬರೆಯಲು ಏನಾದರೂ ಇರುತ್ತದೆ.

ಸಂದರ್ಶನದಲ್ಲಿ ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ ಸರ್" ಅನ್ನಿ. ಎರಡು ವಾರ ಬಿಡದೆ ಮಳೆ ಬಂದರೆ ಏನು ಮಾಡುತ್ತೀರಿ ಅನ್ನುವ ಥರದ ಪ್ರಶ್ನೆಗೆ ಮಾತ್ರ ಉತ್ತರ ಯೋಚಿಸಿಕೊಂಡು ಹೋಗಿ.

ಅನುಮತಿ ಮತ್ತು ಮನೆ

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನದೊಳಗೆ ಅಧ್ಯಯನಕ್ಕೆ ಹೋಗಲು ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಕಡತ ಓಡಾಡುವುದು ಮಲ್ಲೇಶ್ವರ 18ನೇ ಅಡ್ಡರಸ್ತೆಯ ಅರಣ್ಯ ಭವನದಲ್ಲಿ. ಇದಕ್ಕೆ ತಿಂಗಳುಗಳೇ ಹಿಡಿಯುತ್ತವೆ. ಹಾಗಾಗಿ ಎರಡು ತಿಂಗಳ ಫೆಲೋಶಿಪ್‌ಗೆ ಹೊಸದಾಗಿ ಅನುಮತಿ ತೆಗೆದುಕೊಳ್ಳುವ ಆಸೆ ಬಿಡಿ. ಈಗಾಗಲೇ ಅನುಮತಿ ಇರುವ ಯೋಜನೆಗೆ ಸೇರಿ, ಅಥವಾ ಕೆರೆ, ಹೊಲ, ಕಾಲೇಜು ಆವರಣದಂಥ ಜಾಗ ಆರಿಸಿ. ಅಲ್ಲಿಯೂ ಕೆರೆ ನೋಡಿಕೊಳ್ಳುವವರಿಗೆ, ಜಾಗದ ಒಡೆಯರಿಗೆ ಒಂದು ಮಾತು ಹೇಳಿ ಪತ್ರ ತೆಗೆದುಕೊಳ್ಳಿ. ಪ್ರಾಣಿ-ಪಕ್ಷಿ ಹಿಡಿಯುವುದು, ಮೊಟ್ಟೆ ಮುಟ್ಟುವುದು ಬೇಡವೇ ಬೇಡ.

ಮನೆಯವರನ್ನು ಒಪ್ಪಿಸುವುದು ಎಷ್ಟೋ ಹೆಣ್ಣುಮಕ್ಕಳಿಗೆ ಅರ್ಜಿಗಿಂತ ಕಷ್ಟ. ನನ್ನ ಅಮ್ಮ ಕೇಳಿದ್ದು ಮೂರೇ ಪ್ರಶ್ನೆ: "ರಾತ್ರಿ ಎಲ್ಲಿ ಮಲಗ್ತೀಯ? ಜೊತೆಗೆ ಹೆಂಗಸರು ಯಾರಿದ್ದಾರೆ? ಫೋನ್ ಸಿಗುತ್ತಾ?" ನ್ಯಾಯವಾದ ಪ್ರಶ್ನೆಗಳು. ಉತ್ತರ ಮೊದಲೇ ತಿಳಿದುಕೊಂಡು ಹೋಗಿ. ಕ್ಷೇತ್ರಕೇಂದ್ರದಲ್ಲಿ ಬೇರೆ ಕೋಣೆ, ಶೌಚಾಲಯ ಇದೆಯಾ, ತಂಡದಲ್ಲಿ ಮಹಿಳೆಯರು ಇದ್ದಾರಾ, ಕಿರುಕುಳದ ದೂರು ಯಾರಿಗೆ ಕೊಡಬೇಕು ಅಂತ ಸಂಸ್ಥೆಯನ್ನು ನಾಚದೆ ಕೇಳಿ. ಸಾಧ್ಯವಾದರೆ ಮಾರ್ಗದರ್ಶಕರ ಜೊತೆ ಅಪ್ಪ-ಅಮ್ಮನನ್ನು ಐದು ನಿಮಿಷ ಮಾತಾಡಿಸಿ. ನಮ್ಮ ಮನೆಯಲ್ಲಿ ಆ ಒಂದು ಫೋನ್‌ನಿಂದಲೇ ಕೆಲಸ ಆಯಿತು.

ಚೀಲದಲ್ಲಿ ಏನಿರಬೇಕು

ದುಬಾರಿ ಬೂಟು, ಮಿಲಿಟರಿ ಬಣ್ಣದ ಬಟ್ಟೆ ಬೇಡ. ಮಣ್ಣು ಬಣ್ಣದ ಎರಡು ತುಂಬುತೋಳಿನ ಅಂಗಿ, ಕಣಕಾಲು ಮುಚ್ಚುವ ಶೂ, ಟೋಪಿ, ಎರಡು ಲೀಟರ್ ನೀರು ಹಿಡಿಯುವ ಬಾಟಲಿ, ಓಆರ್‌ಎಸ್ ಪುಡಿ, ಟಾರ್ಚ್, ಪವರ್ ಬ್ಯಾಂಕ್ ಸಾಕು. ಬೈನಾಕ್ಯುಲರ್ ಕೊಳ್ಳುವುದಾದರೆ 8×42 (ಎಂಟು ಪಟ್ಟು ಹಿಗ್ಗಿಸಿ ತೋರಿಸುವ, 42 ಮಿ.ಮೀ. ಮಸೂರದ್ದು) ಎಲ್ಲದಕ್ಕೂ ಆಗುತ್ತದೆ. ಕೊಳ್ಳುವ ಮೊದಲು ಸಂಸ್ಥೆಯಲ್ಲೇ ಸಿಗುತ್ತದಾ ಕೇಳಿ. ರೋಹಿಣಿ ಮಳೆ ಕಳೆದು ಮೃಗಶಿರ ಹಿಡಿಯುವ ಹೊತ್ತಿಗೆ ಮಲೆನಾಡಿನಲ್ಲಿ ಇದ್ದರೆ ಇಂಬಳಕ್ಕೆ ಉದ್ದ ಕಾಲುಚೀಲ ಬೇಕು.

ಪೆನ್ನು ಬೇಡ, ಪೆನ್ಸಿಲ್ ತೆಗೆದುಕೊಳ್ಳಿ. ನನ್ನ ಎರಡನೇ ವಾರದ ಮೂರು ದಿನದ ಎಣಿಕೆ ಜೆಲ್ ಪೆನ್ನಿನಲ್ಲಿ ಬರೆದದ್ದು. ಒಂದು ಸಂಜೆ ಮಳೆ ಬಂದು ಚೀಲ ನೆನೆಯಿತು. ಪುಟ ಬಿಡಿಸಿದರೆ ಬರೀ ನೀಲಿ ಕಲೆ. ಅವತ್ತಿನಿಂದ ಪೆನ್ಸಿಲ್, ಜೊತೆಗೆ ಪ್ರತಿ ಸಂಜೆ ಪುಟದ ಫೋಟೋ.

ಮೈ ಜೋಪಾನದ ಬಗ್ಗೆ ಒಂದೆರಡು ಮಾತು ಗಟ್ಟಿಯಾಗಿ ಹೇಳಲೇಬೇಕು. ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಕಡೆ ಹೋಗುವವರು ಮಂಗನ ಕಾಯಿಲೆ ಬಗ್ಗೆ ತಿಳಿದಿರಬೇಕು. 1957ರಲ್ಲಿ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು. ಹರಡುವುದು ಉಣ್ಣಿಯಿಂದ, ಮಲೆನಾಡಿನವರು ಉಣುಗು ಅನ್ನುತ್ತಾರೆ. ಮಳೆಗಾಲಕ್ಕೆ ಮುಂಚಿನ ಒಣ ತಿಂಗಳುಗಳಲ್ಲೇ ಇದರ ಕಾಟ ಜಾಸ್ತಿ. ಉಣ್ಣಿ ಹತ್ತದಂತೆ ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಹಚ್ಚಿಕೊಂಡು ಹೋಗಿ, ಬಂದ ಮೇಲೆ ಬಟ್ಟೆ ಬದಲಿಸಿ ಬಿಸಿನೀರಿನ ಸ್ನಾನ ಮಾಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕೆಲಸ ಮುಗಿದು ಮನೆಗೆ ಬಂದ ಮೇಲೆ ಜ್ವರ ಬಂದರೂ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಬಳೆ-ಉಂಗುರ ತೆಗೆದು, ಕೈಕಾಲು ಅಲುಗಿಸದೆ, 108ಕ್ಕೆ ಕರೆ ಮಾಡಿ. ವಿಷಕ್ಕೆ ಮದ್ದು ಇರುವ ಹತ್ತಿರದ ಸರ್ಕಾರಿ ಆಸ್ಪತ್ರೆ ಯಾವುದು ಅಂತ ಕ್ಷೇತ್ರಕ್ಕೆ ಹೋದ ಮೊದಲ ದಿನವೇ ವಿಚಾರಿಸಿಟ್ಟುಕೊಳ್ಳಿ.

ಅಲ್ಲಿಗೆ ಹೋದ ಮೇಲೆ

ಮೊದಲ ವಾರ ಸುಮ್ನೆ ಹಿಂದೆ ನಡೆಯಿರಿ. ವಾಚರ್ ನಿಂತರೆ ನಿಲ್ಲಿ. ಮಾತು ನಿಲ್ಲಿಸಿ ಅಂದರೆ ನಿಲ್ಲಿಸಿ. ಅವರನ್ನು ಅಣ್ಣ, ಅಜ್ಜ ಅಂತ ಕರೆಯಿರಿ, ಅವರ ಜೊತೆ ಕೂತು ಊಟ ಮಾಡಿ. ಅವರು ಹೇಳಿದ ಸಂಗತಿ ನಿಮ್ಮ ವರದಿಗೆ ಬಂದರೆ, ಅವರು ಒಪ್ಪಿದರೆ, ಹೆಸರು ಹಾಕಿ ಕೃತಜ್ಞತೆ ಹೇಳಿ.

ವಿಧಾನವನ್ನು ಮಧ್ಯದಲ್ಲಿ ಬದಲಾಯಿಸಬೇಡಿ. ಮರದ ಸುತ್ತಳತೆ ನೆಲದಿಂದ 1.3 ಮೀಟರ್ ಎತ್ತರದಲ್ಲಿ ಅಂತ ಶುರು ಮಾಡಿದರೆ ಕೊನೆಯ ಮರಕ್ಕೂ ಅಷ್ಟೇ. ಬಟ್ಟೆಗೆ ಆ ಎತ್ತರದಲ್ಲಿ ಒಂದು ಗುರುತು ಹಾಕಿಕೊಂಡರೆ ಪ್ರತಿ ಸಲ ಟೇಪ್ ಹಿಡಿಯುವ ಕೆಲಸ ಉಳಿಯುತ್ತದೆ. ಅವತ್ತಿನ ಎಣಿಕೆ ಅವತ್ತೇ ರಾತ್ರಿ ಕಂಪ್ಯೂಟರ್‌ಗೆ ಹೋಗಲಿ. ನಾಳೆಗೆ ಬಿಟ್ಟರೆ ನಿಮ್ಮ ಅಕ್ಷರ ನಿಮಗೇ ಅರ್ಥವಾಗುವುದಿಲ್ಲ. ಎರಡು ಕಡೆ ಪ್ರತಿ ಇರಲಿ. ಅಪರೂಪದ ಪ್ರಾಣಿ-ಪಕ್ಷಿ ಕಂಡರೆ ಜಾಗದ ಸಮೇತ ಇನ್‌ಸ್ಟಾಗ್ರಾಂಗೆ ಹಾಕಬೇಡಿ. ಕ್ಯಾಮೆರಾ ಹಿಡಿದ ಐವತ್ತು ಜನ ಮರುದಿನವೇ ಬಂದಾರು, ಬೇಟೆಯವರೂ ಬಂದಾರು.

ಅಂದುಕೊಂಡದ್ದು ಸಿಗದೆ ಹೋದರೂ ಹಾಗೇ ಬರೆಯಿರಿ. ನನ್ನ ಎರಡು ಕೆರೆಗಳಲ್ಲಿ ಒಂದರಲ್ಲಿ ಮಾತ್ರ ವ್ಯತ್ಯಾಸ ಎದ್ದು ಕಂಡಿತು. ಇನ್ನೊಂದರಲ್ಲಿ ಕಳೆ ಇದ್ದ ಕಡೆಯೂ ಗೂಡು ಕಡಿಮೆಯೇ ಇತ್ತು. ನಾಯಿಗಳಿಂದಲೋ, ಮೀನಿನ ಬಲೆಗಳಿಂದಲೋ, ಎಂಟು ವಾರದಲ್ಲಿ ಹೇಳುವುದಕ್ಕೆ ಆಗಲಿಲ್ಲ. ವರದಿಯಲ್ಲಿ ಹಾಗೆಯೇ ಬರೆದೆ. ಮಾರ್ಗದರ್ಶಕಿ ಆ ಪ್ಯಾರಾವನ್ನೇ ಎಲ್ಲಕ್ಕಿಂತ ಮೆಚ್ಚಿಕೊಂಡರು.

ವರದಿ ಕೊಟ್ಟ ಮೇಲೆ ಇನ್ನೊಂದು ಕೆಲಸ ಉಳಿದಿರುತ್ತದೆ. ಹೆಚ್ಚಿನವರು ಇದನ್ನು ಮಾಡುವುದಿಲ್ಲ. ನಿಮಗೆ ಸಿಕ್ಕಿದ್ದನ್ನು ಒಂದು ಪುಟದ ಕನ್ನಡದಲ್ಲಿ, ಒಂದು ನಕ್ಷೆಯ ಜೊತೆ ಬರೆದು, ಆ ಜಾಗದವರ ಕೈಗೆ ಕೊಡಿ. ಕಾಡಿನ ಕೆಲಸವಾದರೆ ವಲಯ ಅರಣ್ಯಾಧಿಕಾರಿ ಕಚೇರಿಗೆ, ಊರಿನದ್ದಾದರೆ ಪಂಚಾಯಿತಿಗೆ, ಕೆರೆಯದ್ದಾದರೆ ಕೆರೆ ಸಮಿತಿಗೆ ಮತ್ತು ಕಾವಲುಗಾರರಿಗೆ. ನನ್ನ ಪುಟದಲ್ಲಿ ಕೆರೆಯ ಅಂಚನ್ನು ಗೆರೆ ಎಳೆದು, ಗೂಡಿದ್ದ ತುಂಡುಗಳಿಗೆ ಹಸಿರು ಬಣ್ಣ ಹಚ್ಚಿದ್ದೆ. "ಮರಿ ಮಾಡುವ ದಿನಗಳಲ್ಲಿ ಹಸಿರು ಕಡೆ ಕಳೆ ಬಿಟ್ಟು, ಉಳಿದ ಕಡೆ ತೆಗೆಯಬಹುದು" ಅಂತ ದಪ್ಪ ಅಕ್ಷರದಲ್ಲಿ ಬರೆದಿದ್ದೆ. ಕಾವಲುಗಾರರು ಅದನ್ನು ಪ್ಲಾಸ್ಟಿಕ್ ಕವರ್‌ಗೆ ಹಾಕಿ, ತೂಬಿನ ಪಕ್ಕದ ತಮ್ಮ ಕೋಣೆಯ ಗೋಡೆಗೆ, ಕ್ಯಾಲೆಂಡರ್ ಕೆಳಗೆ ಅಂಟಿಸಿದರು. ಮುಂದಿನ ವರ್ಷ ಕಳೆ ತೆಗೆಯುವವರು ಬಂದಾಗ ಆ ಕಾವಲುಗಾರರೇ ನನಗೆ ಫೋನ್ ಮಾಡಿದರು: "ಮೇಡಂ, ಆ ಹಸಿರು ಮೂಲೆ ಇದೆಯಲ್ಲ, ಅಲ್ಲಿ ಈಗಲೂ ಗೂಡಿದೆಯಾ ಒಂದ್ಸಲ ಬಂದು ನೋಡ್ತೀರಾ?"